ಶಾರ್ಕಿನ ಹಲ್ಲು ಮತ್ತು ಶಹಾಬಾದಿನ ಕಲ್ಲು: ಪುನೀತ ನಿಕೋಲಾಸ್ ಸ್ಟೆನೋ

ಡಿಸೆಂಬರ್ 5 ಪುನೀತ ನಿಕೋಲಾಸ್ ಸ್ಟೆನೋರವರ ಸ್ಮರಣೆಯ ದಿನ. ನಮ್ಮ ಕರಾವಳಿಯ ಧರ್ಮಕೇಂದ್ರಗಳಲ್ಲಿ ಈ ಹೆಸರನ್ನು ಕೇಳಿದವರು ವಿರಳ. ಆದರೆ ಭೂವಿಜ್ಞಾನ ಓದುವ ವಿದ್ಯಾರ್ಥಿಗಳು ಜಗತ್ತಿನ ಯಾವ ಮೂಲೆಯಲ್ಲಿದ್ದರೂ ಮೊದಲ ಪಾಠಗಳಲ್ಲೇ ಇವರ ನಿಯಮಗಳನ್ನು ಕಲಿಯುತ್ತಾರೆ. ಕೆನ್ನೆಯ ಒಳಗಿನಿಂದ ಬಾಯಿಗೆ ಜೊಲ್ಲು ತರುವ ನಾಳವನ್ನು ವೈದ್ಯಕೀಯ ವಿದ್ಯಾರ್ಥಿಗಳು ಗುರುತಿಸುವುದು ಇವರ ಹೆಸರಿನಿಂದಲೇ. ಆ ಹೆಸರಿನ ಮನುಷ್ಯ ಕಥೋಲಿಕ ಧರ್ಮಸಭೆಯ ಒಬ್ಬ ಧರ್ಮಾಧ್ಯಕ್ಷರಾಗಿದ್ದರು ಎಂಬುದು ಆ ವಿದ್ಯಾರ್ಥಿಗಳಲ್ಲಿ ಎಷ್ಟು ಮಂದಿಗೆ ಗೊತ್ತೋ!

ಇವರನ್ನು ನಾವು ನೆನೆಯಲು ಇನ್ನೊಂದು ಕಾರಣವಿದೆ. 2005ರಲ್ಲಿ ಸ್ಥಾಪನೆಯಾದ ಗುಲ್ಬರ್ಗಾ ಧರ್ಮಪ್ರಾಂತ್ಯದ ಸೀಮೆಗೆ ಸೇವೆಗೆಂದು ಹೋದ ಕರಾವಳಿಯವರಿಗೆ ಅಲ್ಲಿನ ಬಿಸಿಲಿನಷ್ಟೇ ಕಾಡುವುದು ಕಡಲಿನ ನೆನಪು. ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್‌ಗಳಲ್ಲಿ ಎತ್ತ ನೋಡಿದರೂ ಕಲ್ಲು. ನೆಲಕ್ಕೆ ಕಲ್ಲು, ಗೋಡೆಗೆ ಕಲ್ಲು, ಹಳೆಯ ಮನೆಗಳ ಮಾಳಿಗೆಗೂ ಕಲ್ಲಿನ ಚಪ್ಪಡಿ. ಕಡಲು ನೂರಾರು ಕಿಲೋಮೀಟರ್ ದೂರ. ಆದರೆ ಆ ಚಪ್ಪಡಿಯೇ ಒಂದು ಕಾಲದ ಕಡಲಿನ ತಳ. ಕಲ್ಲನ್ನು ನೋಡಿ ಕಡಲನ್ನು ಓದುವುದು ಹೇಗೆಂಬ ವಿದ್ಯೆಯನ್ನು ವ್ಯವಸ್ಥಿತವಾಗಿ ಬರೆದಿಟ್ಟವರು ಸ್ಟೆನೋ.

ಅವರ ಮೂಲ ಹೆಸರು ನೀಲ್ಸ್ ಸ್ಟೆನ್ಸೆನ್. ಜನನ 1638ರ ಜನವರಿ 11, ಡೆನ್ಮಾರ್ಕಿನ ಕೋಪನ್‌ಹೇಗನ್ ನಗರದಲ್ಲಿ. ಮನೆಯವರು ಲೂಥರನ್ ಕ್ರೈಸ್ತರು. ತಂದೆ ಅಕ್ಕಸಾಲಿಗ, ಅರಮನೆಗೂ ಕೆಲಸ ಮಾಡಿಕೊಡುತ್ತಿದ್ದವರು. ಮೂರನೆಯ ವಯಸ್ಸಿನಿಂದ ಆರರ ತನಕ ಮಗು ಕಾಯಿಲೆಯಲ್ಲಿ ಮಲಗಿತ್ತು. ಎದ್ದು ಓಡಾಡುವ ಹೊತ್ತಿಗೆ ತಂದೆಯೇ ತೀರಿಕೊಂಡರು. ಶಾಲೆಯಲ್ಲಿದ್ದಾಗ ಪ್ಲೇಗು ಬಂದು ಅನೇಕ ಸಹಪಾಠಿಗಳನ್ನು ಕೊಂಡೊಯ್ದಿತು. ವಿಶ್ವವಿದ್ಯಾಲಯ ಸೇರಿದ ಮೇಲೆ ಸ್ವೀಡನ್ನಿನ ಸೈನ್ಯ ನಗರವನ್ನು ಮುತ್ತಿತು. ಸಾವನ್ನು ಇಷ್ಟು ಹತ್ತಿರದಿಂದ ಕಂಡ ಹುಡುಗ ವೈದ್ಯಶಾಸ್ತ್ರ ಆರಿಸಿಕೊಂಡದ್ದು ಸಹಜವೇ.

1660ರಲ್ಲಿ ಆಮ್‌ಸ್ಟರ್‌ಡಾಮಿಗೆ ಹೋದರು. ಅಲ್ಲಿ ಕುರಿಯ ತಲೆಯೊಂದನ್ನು ಸೀಳಿ ನೋಡುತ್ತಿದ್ದಾಗ ಮೇಲೆ ಹೇಳಿದ ಜೊಲ್ಲಿನ ನಾಳ ಅವರ ಕಣ್ಣಿಗೆ ಬಿತ್ತು. ಆಶ್ರಯ ಕೊಟ್ಟಿದ್ದ ಗುರುವೇ ಅದು ತನ್ನ ಶೋಧವೆಂದು ವಾದಕ್ಕಿಳಿದರು. ಮುಂದೆ ಲೈಡನ್ನಿನಲ್ಲಿ ಹೃದಯವನ್ನು ಪರೀಕ್ಷಿಸಿ, ಅದು ಒಂದು ಸ್ನಾಯುವಲ್ಲದೆ ಬೇರೇನೂ ಅಲ್ಲವೆಂದು ತೋರಿಸಿದರು. ಅದು ದೇಹದ ಶಾಖದ ಕುಲುಮೆಯೆಂದು ನಂಬಿದ್ದ ಕಾಲವದು. 1665ರಲ್ಲಿ ಪ್ಯಾರಿಸಿನಲ್ಲಿ ಮೆದುಳಿನ ಬಗ್ಗೆ ಉಪನ್ಯಾಸ ಕೊಟ್ಟು, ಮಹಾಪಂಡಿತ ಡೇಕಾರ್ಟ್ ಬರೆದದ್ದು ಛೇದಿಸಿ ನೋಡಿದ ಮೆದುಳಿಗೆ ಹೊಂದುವುದಿಲ್ಲವೆಂದು ಸಭೆಯ ಮುಂದೆಯೇ ಹೇಳಿದರು. ಆಗ ವಯಸ್ಸು ಇಪ್ಪತ್ತೇಳು! ದೊಡ್ಡವರು ಹೇಳಿದ್ದಕ್ಕಿಂತ ಕಣ್ಣು ಕಂಡದ್ದು ಹೆಚ್ಚು ಎಂಬ ಈ ಸ್ವಭಾವವೇ ಅವರನ್ನು ಮುಂದೆ ಇಟಲಿಯ ತನಕ ಕರೆದೊಯ್ದಿತು.

1666ರಲ್ಲಿ ಅವರು ಫ್ಲಾರೆನ್ಸಿನ ದೊರೆ ಎರಡನೆಯ ಫೆರ್ದಿನಾಂದೋ ಮೆದಿಚಿಯ ಆಶ್ರಯದಲ್ಲಿದ್ದರು. ಆ ವರ್ಷದ ಅಕ್ಟೋಬರಿನಲ್ಲಿ ಲಿವೊರ್ನೋ ಬಂದರಿನ ಬಳಿ ಮೀನುಗಾರರಿಗೆ ಒಂದು ಭಾರೀ ಶಾರ್ಕ್ ಸಿಕ್ಕಿತು. ಅದರ ತಲೆಯನ್ನು ಫ್ಲಾರೆನ್ಸಿಗೆ ತರಿಸಿ ಸ್ಟೆನೋರ ಮುಂದೆ ಇಟ್ಟರು. ನಮ್ಮ ಓದುಗರಿಗೆ ಶಾರ್ಕ್ ಅಪರಿಚಿತವೇನಲ್ಲ; ಕೊಂಕಣಿಯಲ್ಲಿ ಮೋರಿ, ತುಳುವಿನಲ್ಲಿ ತಾಟೆ. ಸಾರು ಮಾಡುವ ತಾಯಂದಿರಿಗೆ ಗೊತ್ತು, ಅದರಲ್ಲಿ ಗಟ್ಟಿ ಎಲುಬಿಲ್ಲ, ಇರುವುದೆಲ್ಲ ಮೃದ್ವಸ್ಥಿ. ಸತ್ತು ಕಡಲಿನ ತಳ ಸೇರಿದರೆ ಮೃದ್ವಸ್ಥಿ ಕರಗಿಹೋಗುತ್ತದೆ, ಉಳಿಯುವುದು ಹಲ್ಲು ಮಾತ್ರ. ಹಲ್ಲುಗಳೋ ಸಾಲಿನ ಹಿಂದೆ ಸಾಲು. ಮುಂದಿನದು ಉದುರಿದಂತೆ ಹಿಂದಿನದು ಬರುತ್ತದೆ.

ಆ ಹಲ್ಲುಗಳನ್ನು ನೋಡಿದಾಗ ಸ್ಟೆನೋರಿಗೆ ನಾಲಗೆಗಲ್ಲುಗಳು ನೆನಪಾದವು. ಮಾಲ್ಟಾ ದ್ವೀಪದ ಬಂಡೆಗಳಲ್ಲಿ ಹೇರಳವಾಗಿ ಸಿಗುತ್ತಿದ್ದ, ನಾಲಗೆಯ ಆಕಾರದ ತ್ರಿಕೋನ ಕಲ್ಲುಗಳವು. ಇಲ್ಲಿ ಸಂತ ಪೌಲರ ಕಥೆ ಬರುತ್ತದೆ. ಪೌಲರೂ ಸೇರಿ 276 ಮಂದಿಯಿದ್ದ ಹಡಗು ಬಿರುಗಾಳಿಗೆ ಸಿಕ್ಕಿ ಮಾಲ್ಟಾದ ದಡದಲ್ಲಿ ಒಡೆದುಹೋದದ್ದನ್ನೂ, ಎಲ್ಲರೂ ಬದುಕಿ ದಡ ಸೇರಿದ್ದನ್ನೂ, ಬೆಂಕಿ ಕಾಯಿಸುವಾಗ ಹಾವೊಂದು ಪೌಲರ ಕೈಗೆ ಸುತ್ತಿಕೊಂಡದ್ದನ್ನೂ ಪ್ರೇಷಿತರ ಕಾರ್ಯಕಲಾಪಗಳ 27 ಮತ್ತು 28ನೆಯ ಅಧ್ಯಾಯಗಳಲ್ಲಿ ನಾವು ಓದುತ್ತೇವೆ. ಪೌಲರು ದ್ವೀಪದ ಹಾವುಗಳನ್ನು ಶಪಿಸಿದರು, ಅವುಗಳ ನಾಲಗೆಗಳೇ ಕಲ್ಲಾದವು ಎಂಬುದು ಜನ ಕಟ್ಟಿಕೊಂಡ ಕಥೆ. ಬೈಬಲಿನಲ್ಲಿ ಅದು ಎಲ್ಲಿಯೂ ಇಲ್ಲ. ಆದರೂ ವಿಷಕ್ಕೆ ಮದ್ದೆಂದು ಆ ಕಲ್ಲುಗಳು ಯುರೋಪಿನಲ್ಲೆಲ್ಲ ಒಳ್ಳೆಯ ಬೆಲೆಗೆ ಮಾರಾಟವಾಗುತ್ತಿದ್ದವು. ಭಕ್ತಿಯ ಹೆಸರಿನ ವ್ಯಾಪಾರ ಇಂದು ನಿನ್ನೆಯದಲ್ಲ.

(ಪೌಲರ ಹಡಗಿನ ವಿಷಯ ಬಂತೆಂದು ಇದನ್ನೂ ಹೇಳಿಬಿಡುತ್ತೇವೆ. ಬೆನ್ನಿಗೆ ಗಾಳಿಯ ಸಿಲಿಂಡರ್ ಕಟ್ಟಿಕೊಂಡು ನೀರಿನಡಿ ಸ್ವತಂತ್ರವಾಗಿ ಉಸಿರಾಡುವ ಸಾಧನವನ್ನು ಫ್ರಾನ್ಸಿನ ಕುಸ್ತೋ ಮತ್ತು ಗಾನ್ಯಾಂ 1943ರಲ್ಲಿ ಸಿದ್ಧಪಡಿಸಿದ ಮೇಲೆ, ಮಾಲ್ಟಾದ ಸುತ್ತಲಿನ ಕಡಲಿನಲ್ಲಿ ಮುಳುಗುಗಾರರಿಗೆ ರೋಮನ್ ಕಾಲದ ಸೀಸದ ಲಂಗರುಗಳು ಸಿಕ್ಕಿವೆ. ಅವುಗಳಲ್ಲಿ ಯಾವುದಾದರೂ ಪೌಲರ ಹಡಗಿನದೆಂಬುದಕ್ಕೆ ಪುರಾವೆಯಿಲ್ಲ. ಹಾಗೆಂದು ಹೇಳುವ ಪುಸ್ತಕಗಳನ್ನು ಎಚ್ಚರದಿಂದ ಓದುವುದು ಒಳಿತು.)

ನಾಲಗೆಗಲ್ಲು ಶಾರ್ಕಿನ ಹಲ್ಲೆಂದು ಮೊದಲು ಹೇಳಿದವರು ಸ್ಟೆನೋ ಅಲ್ಲ. ಇಟಲಿಯ ಫಾಬಿಯೋ ಕೊಲೊನ್ನಾ 1616ರಲ್ಲೇ ಹೇಳಿದ್ದರು. ಸ್ಟೆನೋ ಮುಂದಿನ ಪ್ರಶ್ನೆ ಕೇಳಿದರು: ಹಲ್ಲು ಬಂಡೆಯ ಒಳಗೆ ಹೋದದ್ದು ಹೇಗೆ? ಗಟ್ಟಿ ಕಲ್ಲಿನೊಳಗೆ ಹಲ್ಲು ಬೆಳೆದಿದ್ದರೆ ಅದು ಒತ್ತಡಕ್ಕೆ ಸೊಟ್ಟಗಾಗಿರಬೇಕಿತ್ತು, ಕಲ್ಲು ಬಿರಿದಿರಬೇಕಿತ್ತು. ಹಾಗಾಗಿಲ್ಲ. ಆದ್ದರಿಂದ ಹಲ್ಲು ಬಿದ್ದಾಗ ಬಂಡೆಯು ಕಡಲಿನ ತಳದ ಮೆತ್ತನೆಯ ಕೆಸರಾಗಿತ್ತು. 1667ರಲ್ಲಿ ಇದನ್ನು ಪ್ರಕಟಿಸಿದರು. 1669ರ ಇನ್ನೊಂದು ಸಣ್ಣ ಪುಸ್ತಕದಲ್ಲಿ ನಿಯಮಗಳನ್ನೇ ಬರೆದರು. ಕೆಸರು ನೀರಿನಲ್ಲಿ ಪದರಪದರವಾಗಿ ಇಳಿಯುತ್ತದೆ. ಕೆಳಗಿನ ಪದರ ಹಳೆಯದು, ಮೇಲಿನದು ಹೊಸದು. ಪದರಗಳು ಮೊದಲು ಚಪ್ಪಟೆಯಾಗಿಯೇ ಕೂರುತ್ತವೆ. ಈಗ ಓರೆಯಾಗಿದ್ದರೆ ಆಮೇಲೆ ಏನೋ ನಡೆದಿದೆ. ಒಂದು ಪದರವು ತಡೆ ಸಿಗುವ ತನಕ ಎಲ್ಲ ಕಡೆಗೂ ಹಬ್ಬಿರುತ್ತದೆ.

ಈ ಮೂರು ಮಾತುಗಳನ್ನು ಹಿಡಿದುಕೊಂಡು ಶಹಾಬಾದಿನ ಕಲ್ಲುಗಣಿಯ ಅಂಚಿನಲ್ಲಿ ನಿಂತರೆ ಸಾಕು. ಬಿಳಿಬೂದು ಸುಣ್ಣಕಲ್ಲು ಪುಸ್ತಕದ ಹಾಳೆಗಳಂತೆ ಒಂದರ ಮೇಲೊಂದು ಮಲಗಿದೆ. ಬಹುತೇಕ ಕಡೆ ಚಪ್ಪಟೆಯಾಗಿಯೇ ಇರುವುದರಿಂದಲೇ ಕಾರ್ಮಿಕರು ಹಾರೆ ಹಾಕಿ ಅದನ್ನು ಚಪ್ಪಡಿಗಳಾಗಿ ಎಬ್ಬಿಸಲು ಸಾಧ್ಯ. ಇದೇ ಸುಣ್ಣಕಲ್ಲಿನ ಬಲದಿಂದ ವಾಡಿ, ಸೇಡಂ, ಮಳಖೇಡಗಳಲ್ಲಿ ಸಿಮೆಂಟ್ ಕಾರ್ಖಾನೆಗಳು ಎದ್ದವು. ಕಾಗಿಣಾ ನದಿ ಕೊರೆದ ದಡಗಳಲ್ಲೂ ಇದೇ ಪದರಗಳು ಕಾಣುತ್ತವೆ. ಭೂವಿಜ್ಞಾನಿಗಳು ಈ ಶಿಲೆಗಳ ಗುಂಪಿಗೆ ಭೀಮಾ ಹೆಸರನ್ನಿಟ್ಟಿದ್ದಾರೆ. ರಾಬರ್ಟ್ ಬ್ರೂಸ್ ಫೂಟ್ 1876ರ ವರದಿಯಲ್ಲಿ ಇವನ್ನು ವಿವರಿಸಿದ್ದಾರೆ. ಆಳವಿಲ್ಲದ ಕಡಲಿನಲ್ಲಿ ಇಳಿದ ಸುಣ್ಣದ ಕೆಸರು ಇದು. ಇಂದು ಸಮುದ್ರಮಟ್ಟದಿಂದ ಸುಮಾರು 400 ಮೀಟರ್ ಎತ್ತರದಲ್ಲಿದೆ. ಇದರ ಅಡಿಯಲ್ಲಿ ಇನ್ನೂ ಹಳೆಯ ಗ್ರಾನೈಟ್. ಚಿಂಚೋಳಿಯ ಕಡೆಗೆ ಹೋದರೆ ಇದರ ಮೇಲೆ ಸುಮಾರು 6.6 ಕೋಟಿ ವರ್ಷಗಳ ಹಿಂದೆ ಲಾವಾ ಹರಿದು ಆರಿದ ಕಪ್ಪು ಕಲ್ಲು, ಅದರ ನೆತ್ತಿಯಲ್ಲಿ ನಮ್ಮ ಮುರಕಲ್ಲಿನಂಥದೇ ಕೆಂಪು ಕಲ್ಲು. ಕೆಳಗಿನಿಂದ ಮೇಲಕ್ಕೆ ಓದುತ್ತಾ ಹೋಗಬಹುದು.

ಆದರೆ ಶಹಾಬಾದಿನ ಕಲ್ಲಿನಲ್ಲಿ ಶಾರ್ಕಿನ ಹಲ್ಲು ಹುಡುಕಿದರೆ ಸಿಗುವುದಿಲ್ಲ. ಈ ಕಡಲು 50 ಕೋಟಿ ವರ್ಷಗಳಿಗೂ ಹಿಂದಿನದು. ಶಾರ್ಕ್ ಇರಲಿ, ಯಾವ ಮೀನೂ ಆಗ ಹುಟ್ಟಿರಲಿಲ್ಲ. ಆ ನೀರಿನಲ್ಲಿದ್ದದ್ದು ಬಹುಮಟ್ಟಿಗೆ ಸೂಕ್ಷ್ಮಜೀವಿಗಳು. ಇಷ್ಟು ದೀರ್ಘ ಕಾಲವನ್ನು ಸ್ಟೆನೋ ಊಹಿಸಿರಲಿಲ್ಲವೆಂಬುದನ್ನೂ ಹೇಳಬೇಕು. ಇಟಲಿಯ ತೊಸ್ಕಾನಾ ನಾಡಿನ ಪದರಗಳನ್ನು ಅವರು ನೋಹನ ಜಲಪ್ರಳಯದ ಲೆಕ್ಕದೊಳಗೇ ಹೊಂದಿಸಿದರು. ಅವರ ನಿಯಮಗಳು ಅವರ ಲೆಕ್ಕವನ್ನು ಮೀರಿ ಬೆಳೆದವು. ಇದರಿಂದ ವಿಶ್ವಾಸಿಗಳು ಗಾಬರಿಯಾಗಬೇಕಾಗಿಲ್ಲ. ಆದಿಕಾಂಡವು ಕಲ್ಲಿನ ವಯಸ್ಸು ಹೇಳಲು ಬರೆದ ಗ್ರಂಥವಲ್ಲವೆಂದು ಧರ್ಮೋಪದೇಶದ ತರಗತಿಗಳಲ್ಲಿ ನಾವು ಧೈರ್ಯವಾಗಿ ಹೇಳಬೇಕು.

ಶಾರ್ಕಿನ ತಲೆ ಕೈಗೆ ಬಂದ ಅದೇ ವರ್ಷ ಲಿವೊರ್ನೋದಲ್ಲಿ ಪರಮ ಪ್ರಸಾದದ ಮೆರವಣಿಗೆಯೊಂದು ಅವರ ಮುಂದೆ ಹಾದುಹೋಯಿತು. ಒಂದೋ ಇದು ಬರೀ ರೊಟ್ಟಿ, ಇವರೆಲ್ಲ ಮೂಢರು. ಅಲ್ಲವಾದರೆ ತಾನೇಕೆ ಆರಾಧಿಸುತ್ತಿಲ್ಲ ಎಂಬ ಪ್ರಶ್ನೆ ಅವರನ್ನು ಬಿಡಲಿಲ್ಲ. ಫ್ಲಾರೆನ್ಸಿನ ಕನ್ಯಾಮಠವೊಂದರ ಔಷಧಾಲಯ ನೋಡಿಕೊಳ್ಳುತ್ತಿದ್ದ ಸಿಸ್ಟರ್ ಮರಿಯಾ ಫ್ಲಾವಿಯಾ ದೆಲ್ ನೇರೋ ಅವರೊಡನೆ ಮದ್ದಿಗೆಂದು ಹೋದ ಈ ವೈದ್ಯರಿಗೆ ಮಾತುಕತೆ ಬೆಳೆಯಿತು. ಲವೀನಿಯಾ ಅರ್ನೋಲ್ಫೀನಿ ಎಂಬ ಗೃಹಿಣಿಯೂ ಅವರೊಡನೆ ವಾದಿಸಿದರು, ಪ್ರಾರ್ಥಿಸಿದರು. ಸ್ಟೆನೋ ಮೂಲ ಗ್ರೀಕ್, ಹೀಬ್ರೂ ಗ್ರಂಥಗಳನ್ನು ತೆರೆದು ಪರೀಕ್ಷಿಸಿದರು. 1667ರ ನವೆಂಬರ್ 2ರಂದು, ಸಕಲ ಮೃತರ ಸ್ಮರಣೆಯ ದಿನ, ಕಥೋಲಿಕರಾಗುವ ನಿರ್ಧಾರ ಮಾಡಿದರು. ಪಂಡಿತರ ಗ್ರಂಥಗಳಿಗಿಂತ ಮೊದಲು ಈ ಇಬ್ಬರು ಸ್ತ್ರೀಯರ ಸಹನೆ ಕೆಲಸ ಮಾಡಿತ್ತೆಂಬುದನ್ನು ನಮ್ಮ ಧರ್ಮಕೇಂದ್ರಗಳ ಕಾರ್ಯಕರ್ತೆಯರು ಗಮನಿಸಬೇಕು.

1672ರಿಂದ 1674ರ ತನಕ ಕೋಪನ್‌ಹೇಗನ್ನಿನಲ್ಲಿ ಅಂಗರಚನಾಶಾಸ್ತ್ರ ಕಲಿಸಿ ಫ್ಲಾರೆನ್ಸಿಗೆ ಮರಳಿದರು. 1675ರಲ್ಲಿ ಗುರುದೀಕ್ಷೆ. 1677ರ ಸೆಪ್ಟೆಂಬರಿನಲ್ಲಿ ರೋಮಿನಲ್ಲಿ ಧರ್ಮಾಧ್ಯಕ್ಷ ದೀಕ್ಷೆ. ಕಥೋಲಿಕರು ಬೆರಳೆಣಿಕೆಯಷ್ಟಿದ್ದ ಉತ್ತರ ಯುರೋಪಿನ ಹೊಣೆ ಅವರಿಗೆ ಬಂತು. ಅದೇ ತಿಂಗಳು ಅವರು ಮಾಡಿದ ಒಂದು ಕೆಲಸ ನಮಗೆ ಇಂದು ಇರಿಸುಮುರಿಸು ತರುತ್ತದೆ. ಲೈಡನ್ನಿನ ದಿನಗಳ ಪರಿಚಿತ, ದಾರ್ಶನಿಕ ಸ್ಪಿನೋಜಾರ ಅಪ್ರಕಟಿತ ಗ್ರಂಥದ ಹಸ್ತಪ್ರತಿ ಅವರ ಕೈಗೆ ಬಂದಾಗ ಅದನ್ನು ರೋಮಿನ ವಿಚಾರಣಾ ಪೀಠಕ್ಕೆ ಒಪ್ಪಿಸಿದರು. ಆ ಗ್ರಂಥಕ್ಕೆ ನಿಷೇಧ ಬಂತು. ಆದರೆ ಆ ಪ್ರತಿ ಸುಡದೆ ಉಳಿದು, 2010ರಲ್ಲಿ ವ್ಯಾಟಿಕನ್ ಗ್ರಂಥಾಲಯದಲ್ಲಿ ವಿದ್ವಾಂಸರಿಗೆ ಸಿಕ್ಕಿತು. ಪುನೀತರ ಚರಿತ್ರೆಯಿಂದ ಇಂಥದನ್ನು ಅಳಿಸಿಹಾಕುವುದು ನಮಗೆ ಸರಿಕಾಣುವುದಿಲ್ಲ.

ಹ್ಯಾನೋವರ್‌ನಲ್ಲಿ ಸೇವೆ ಮಾಡಿ, 1680ರಲ್ಲಿ ಮ್ಯೂನ್‌ಸ್ಟರಿಗೆ ಸಹಾಯಕ ಧರ್ಮಾಧ್ಯಕ್ಷರಾಗಿ ಹೋದರು. 1683ರಲ್ಲಿ ಅಲ್ಲಿನ ಹೊಸ ಧರ್ಮಾಧ್ಯಕ್ಷರ ಆಯ್ಕೆಯಲ್ಲಿ ಹಣ ಓಡಾಡಿದ್ದನ್ನು ಪ್ರತಿಭಟಿಸಿ ಊರನ್ನೇ ಬಿಟ್ಟರು. ಹ್ಯಾಂಬರ್ಗಿನಲ್ಲಿ ಕೆಲಕಾಲ ಇದ್ದು, 1685ರಲ್ಲಿ ಷ್ವೆರಿನ್ ಎಂಬ ಪುಟ್ಟ ಊರು ಸೇರಿದರು. ಧರ್ಮಾಧ್ಯಕ್ಷರ ಉಂಗುರವನ್ನೂ ಶಿಲುಬೆಯನ್ನೂ ಮಾರಿ ಬಡವರಿಗೆ ಕೊಟ್ಟರು. ಹಳೆಯ ನಿಲುವಂಗಿ, ಕಠಿಣ ಉಪವಾಸ. 1669ರ ಪುಸ್ತಕವನ್ನು ದೊಡ್ಡ ಗ್ರಂಥವೊಂದರ ಮುನ್ನುಡಿಯೆಂದು ಬರೆದಿದ್ದರು. ಆ ಗ್ರಂಥ ಬರಲೇ ಇಲ್ಲ. ಧರ್ಮಸಭೆ ಒಬ್ಬ ಮಹಾವಿಜ್ಞಾನಿಯನ್ನು ಕಸಿದುಕೊಂಡಿತೆಂದು ವಿಜ್ಞಾನಿಗಳು ಹೇಳಿದರೆ ನಾವು ಸಿಟ್ಟಾಗುವುದಿಲ್ಲ. ಅವರ ವಿಷಾದದಲ್ಲಿ ಅರ್ಥವಿದೆ. ಆದರೆ ಯಾರೂ ಅವರ ಕೈ ಹಿಡಿದು ತಡೆದಿರಲಿಲ್ಲ, ಹೋದದ್ದು ಅವರೇ.

ಹೊಟ್ಟೆಯಲ್ಲಿ ಕಲ್ಲು ಬೆಳೆದು ವಿಪರೀತ ನೋವಿನಿಂದ ನರಳಿ, 1686ರ ಡಿಸೆಂಬರ್ 5ರಂದು 48ನೆಯ ವಯಸ್ಸಿನಲ್ಲಿ ತೀರಿಕೊಂಡರು. ಫ್ಲಾರೆನ್ಸಿನ ದೊರೆ ಮೂರನೆಯ ಕೊಸಿಮೋ ಪಾರ್ಥಿವ ಶರೀರವನ್ನು ತರಿಸಿ ಸಂತ ಲಾರೆನ್ಸರ ಮಹಾದೇವಾಲಯದಲ್ಲಿ ಮಣ್ಣುಮಾಡಿಸಿದರು. 1988ರ ಅಕ್ಟೋಬರ್ 23ರಂದು ಜಗದ್ಗುರು ದ್ವಿತೀಯ ಜಾನ್ ಪೌಲರು ಅವರನ್ನು ಪುನೀತರೆಂದು ಘೋಷಿಸಿದರು. ಫ್ಲಾರೆನ್ಸಿನ ವಿದ್ಯಾರ್ಥಿಗಳು ಪರೀಕ್ಷೆಯ ಕಾಲದಲ್ಲಿ ಬಿನ್ನಹದ ಚೀಟಿಗಳನ್ನು ಬರೆದು ಅವರ ಸಮಾಧಿಯ ಮೇಲೆ ಇಟ್ಟು ಹೋಗುತ್ತಾರೆ.