ಖ್ವಾಜಾ ಮಹಮೂದ್ ಗವಾನನೂ ಹಾಜರಿಯ ಲೆಕ್ಕವೂ

ಬೀದರ ನಗರದ ಚೌಬಾರಾದಿಂದ ಕೋಟೆಗೆ ಹೋಗುವ ದಾರಿಯಲ್ಲಿ ಒಂದೇ ಮಿನಾರು ಉಳಿದಿರುವ ಪುರಾತನ ವಿದ್ಯಾಲಯವನ್ನು ನಮ್ಮ ವಿದ್ಯಾರ್ಥಿನಿಯರು ನೋಡಿಯೇ ಇರುವರು. ಅದನ್ನು ಕಟ್ಟಿಸಿದ ಮಹಾಪುರುಷನ ಜೀವಿತವು ಪಾಠಶಾಲೆಗೆ ಹೋಗುವ ಪ್ರತಿಯೊಬ್ಬ ಬಾಲಿಕೆಯೂ ಅರಿಯತಕ್ಕದ್ದಾಗಿದೆ.

ಮಹಮೂದ್ ಗವಾನನು ಪರ್ಷಿಯಾ ದೇಶದ ಗೀಲಾನ್ ಪ್ರಾಂತದಲ್ಲಿ ಸುಮಾರು 1411ರಲ್ಲಿ ಜನಿಸಿದನು. ಕುಲೀನ ಮನೆತನದವನಾದರೂ ವ್ಯಾಪಾರವನ್ನು ಕೈಕೊಂಡು, ಸುಮಾರು 1453ರಲ್ಲಿ ದಾಭೋಳ ಬಂದರಿನಲ್ಲಿಳಿದು, ಅಲ್ಲಿಂದ ಬಹಮನಿ ರಾಜ್ಯದ ರಾಜಧಾನಿಯಾದ ಬೀದರಿಗೆ ಬಂದನು. ಆತನ ವಿದ್ಯೆಯನ್ನೂ ವಿವೇಕವನ್ನೂ ಕಂಡ ಸುಲ್ತಾನ ಎರಡನೆಯ ಅಲಾಉದ್ದೀನ್ ಅಹಮದನು ಆತನನ್ನು ತನ್ನ ಆಸ್ಥಾನದಲ್ಲಿರಿಸಿಕೊಂಡನು. 1461ರಲ್ಲಿ ಸುಲ್ತಾನ ಹುಮಾಯೂನನು ತೀರಿಕೊಂಡಾಗ ಸಿಂಹಾಸನವೇರಿದವನು ಎಳೆಯ ಬಾಲಕ. ಆಗ ರಾಜಮಾತೆಯೊಡನೆ ರಾಜ್ಯಭಾರದ ಹೊರೆಯನ್ನು ಹೊತ್ತವರಲ್ಲಿ ಗವಾನನೂ ಒಬ್ಬನು. ಮುಂದೆ ಮೂರನೆಯ ಮುಹಮ್ಮದನ ಕಾಲದಲ್ಲಿ ಆತನು ಪ್ರಧಾನ ಮಂತ್ರಿಯಾದನು.

1472ರಲ್ಲಿ ಪೂರ್ಣಗೊಂಡ ಆತನ ವಿದ್ಯಾಲಯವು ಮೂರು ಅಂತಸ್ತಿನದು. ಮಸೀದಿ, ಉಪನ್ಯಾಸ ಶಾಲೆ, ಪುಸ್ತಕ ಭಂಡಾರ, ಅಧ್ಯಾಪಕರ ಹಾಗೂ ವಿದ್ಯಾರ್ಥಿಗಳ ಕೋಣೆಗಳು ಒಂದೇ ಆವರಣದಲ್ಲಿದ್ದವು. ಭಂಡಾರದಲ್ಲಿ 3000 ಗ್ರಂಥಗಳಿದ್ದುವೆಂದು ಪ್ರತೀತಿ. ಕಲಿಯಬಂದವರಿಗೆ ಊಟವೂ ವಸತಿಯೂ ಉಚಿತ. ಹಸಿದವನ ಮನಸ್ಸು ಪಾಠದಲ್ಲಿ ನಿಲ್ಲದು, ದೂರದ ಊರಿನವನು ದಿನವೂ ಬರಲಾರನು ಎಂಬುದನ್ನು ಆತನು ಬಲ್ಲವನಾಗಿದ್ದನು. ತಾನು ಮಾತ್ರ ಚಾಪೆಯ ಮೇಲೆ ಮಲಗಿ, ಮಣ್ಣಿನ ಮಡಿಕೆಯಲ್ಲಿ ಬೇಯಿಸಿದ ಅನ್ನವನ್ನುಂಡು ಬಾಳಿದನೆಂದು ಚರಿತ್ರಕಾರರು ಬರೆದಿರುವರು.

ಆಡಳಿತದಲ್ಲಿಯೂ ಆತನು ಹಾಜರಿಯ ಲೆಕ್ಕವನ್ನು ಬಿಗಿಗೊಳಿಸಿದನು. ಇಷ್ಟು ಮಂದಿ ಸೈನಿಕರನ್ನು ಇಟ್ಟುಕೊಳ್ಳುವೆವೆಂದು ಹೇಳಿ ಸರದಾರರು ಹಣವನ್ನು ಪಡೆಯುತ್ತಿದ್ದರು. ಆದರೆ ಎಣಿಸುವಾಗ ಸಂಖ್ಯೆಯು ಕಡಿಮೆಯಾಗುತ್ತಿತ್ತು. ಕೊರತೆಯಾದ ಪ್ರತಿಯೊಬ್ಬ ಸೈನಿಕನ ವೆಚ್ಚವನ್ನು ಕಳೆಯತಕ್ಕದ್ದೆಂದು ಗವಾನನು ವಿಧಿಸಿದನು. ನಾಲ್ಕು ಪ್ರಾಂತಗಳನ್ನು ಎಂಟಾಗಿ ವಿಭಾಗಿಸಿ, ಪ್ರಾಂತಾಧಿಕಾರಿಗಳ ಬಲವನ್ನು ತಗ್ಗಿಸಿದನು. ಇದರಿಂದ ಪ್ರಜೆಗಳಿಗೆ ಹಿತವಾಯಿತು. ಸರದಾರರಿಗೆ ದ್ವೇಷವು ಹುಟ್ಟಿತು. ಅವರು ಆತನ ಮುದ್ರೆಯನ್ನು ಬರಿಯ ಕಾಗದಕ್ಕೆ ಒತ್ತಿಸಿಕೊಂಡು, ಒರಿಸ್ಸದ ರಾಜನಿಗೆ ದ್ರೋಹದ ಪತ್ರವನ್ನು ಬರೆದಂತೆ ಕೃತ್ರಿಮವನ್ನು ಹೂಡಿದರು. ಪಾನಮತ್ತನಾಗಿದ್ದ ಸುಲ್ತಾನನು ವಿಚಾರಣೆ ಮಾಡದೆ, 1481ನೆಯ ಏಪ್ರಿಲ್ 5ರಂದು ವೃದ್ಧ ಮಂತ್ರಿಯ ಶಿರಚ್ಛೇದವನ್ನು ಮಾಡಿಸಿದನು. ಸತ್ಯವು ತಿಳಿದ ಮೇಲೆ ಸುಲ್ತಾನನು ಪಶ್ಚಾತ್ತಾಪಪಟ್ಟು, ಮರುವರ್ಷವೇ ತೀರಿಕೊಂಡನು. ರಾಜ್ಯವು ಒಡೆದು ಐದು ಪಾಲಾಯಿತು. 1696ರ ಸ್ಫೋಟದಲ್ಲಿ ವಿದ್ಯಾಲಯದ ಒಂದು ಭಾಗವು ಕುಸಿದುಬಿದ್ದಿತು.

ಹಾಜರಿಯ ಪುಸ್ತಕವು ಶಿಕ್ಷೆಯ ಪುಸ್ತಕವಲ್ಲ. ಯಾರು ಇಲ್ಲವೆಂಬುದನ್ನು ಅದು ತಿಳಿಸದಿದ್ದರೆ, ಅವರನ್ನು ಹುಡುಕಲು ಯಾರೂ ಹೊರಡರು. ಭಾಲ್ಕಿ, ಔರಾದ ಕಡೆಯಲ್ಲಿ ತೊಗರಿ, ಸೋಯಾಬೀನ್ ರಾಶಿಯ ಕಾಲಕ್ಕೆ ಮಗಳನ್ನು ಹೊಲಕ್ಕೆ ಕರೆದೊಯ್ಯುವುದುಂಟು. ಕಬ್ಬು ಕಡಿಯಲು ಹೊರಟವರೊಡನೆ ಮಕ್ಕಳೂ ಹೊರಡುವುದುಂಟು. ತಮ್ಮ ತಂಗಿಯರನ್ನು ನೋಡಿಕೊಳ್ಳಲು ಹಿರಿಯ ಹುಡುಗಿ ಮನೆಯಲ್ಲಿ ನಿಲ್ಲುವುದುಂಟು. ಮೊದಲು ಎರಡು ದಿನ, ಬಳಿಕ ವಾರ, ಆಮೇಲೆ ತಿಂಗಳು. ಕೊನೆಗೆ ಮದುವೆಯ ಮಾತು. 6ರಿಂದ 14 ವರ್ಷದ ಮಕ್ಕಳಿಗೆ ಶಿಕ್ಷಣವು ಹಕ್ಕೆಂದು 2009ರ ಕಾಯಿದೆಯು ಸಾರಿದೆ, ಎಸ್.ಎಸ್.ಎಲ್.ಸಿ. ಪರೀಕ್ಷೆಗೆ ಕೂಡಲು ಶೇಕಡಾ 75 ಹಾಜರಿ ಬೇಕು. ಆದರೆ ಪರೀಕ್ಷೆ ತಪ್ಪುವುದಕ್ಕಿಂತ ದೊಡ್ಡ ನಷ್ಟವೆಂದರೆ, ಒಮ್ಮೆ ಬಿಟ್ಟ ಪಾಠಶಾಲೆಗೆ ಮರಳುವ ಧೈರ್ಯವೇ ಹುಡುಗಿಯಲ್ಲಿ ಕುಂದುವುದು.

ಆದುದರಿಂದ ಬಾಲಿಕೆಯರೇ, ಹೆಸರನ್ನು ಕರೆದಾಗ ಓಗೊಡಲು ದಿನವೂ ಬನ್ನಿರಿ. ಪಕ್ಕದ ಸ್ಥಳವು ಖಾಲಿಯಿದ್ದರೆ ಉಪಾಧ್ಯಾಯಿನಿಯರಿಗೆ ಆ ದಿನವೇ ತಿಳಿಸಿರಿ. ತಾಯಿತಂದೆಗಳೇ, ಅಡಚಣೆಯಿದ್ದರೆ ಮುಚ್ಚಿಡದೆ ಹೇಳಿರಿ. ವಸತಿಗೃಹವೂ ಮಧ್ಯಾಹ್ನದ ಬಿಸಿಯೂಟವೂ ಅದಕ್ಕಾಗಿಯೇ ಇರುವುವು. ಲೆಕ್ಕವನ್ನು ಸತ್ಯವಾಗಿಡಲು ಹೋಗಿ ಪ್ರಾಣವನ್ನೇ ತೆತ್ತವನ ನಗರದಲ್ಲಿ ಸುಳ್ಳು ಹಾಜರಿಗೂ ಸುಳ್ಳು ಕಾರಣಕ್ಕೂ ಎಡೆಯಿರಕೂಡದು.