ಎಡಿಸನ್ ಮತ್ತು ಕಾರಿನ ಬ್ಯಾಟರಿ

ಮಕ್ಕಳೇ, ಬೀದರ್‌ನಿಂದ ಭಾಲ್ಕಿಗೋ ಔರಾದ್‌ಗೋ ಹೊರಡುವ ಬಸ್ಸನ್ನು ಗಮನಿಸಿದ್ದೀರಾ? ಚಾಲಕರು ಕೀಲಿ ತಿರುಗಿಸಿದೊಡನೆ ಎಂಜಿನ್ ಚಾಲೂ ಆಗುತ್ತದೆ. ಅದಕ್ಕೆ ವಿದ್ಯುತ್ ಕೊಡುವುದು ಬ್ಯಾಟರಿ. ಅದರೊಳಗೆ ಸೀಸದ ಫಲಕಗಳೂ ನೀರು ಬೆರೆಸಿದ ಗಂಧಕಾಮ್ಲವೂ ಇರುತ್ತವೆ. ಇಂಥ ಬ್ಯಾಟರಿಗೆ ಬದಲಿಯೊಂದನ್ನು ಹುಡುಕಲು ಸುಮಾರು ಹತ್ತು ವರ್ಷ ದುಡಿದವರು ಥಾಮಸ್ ಆಲ್ವ ಎಡಿಸನ್.

ಎಡಿಸನ್ 1847ರ ಫೆಬ್ರವರಿ 11ರಂದು ಅಮೆರಿಕದ ಮಿಲಾನ್ ಎಂಬ ಊರಿನಲ್ಲಿ ಜನಿಸಿದರು. ಶಾಲೆಗೆ ಹೋದದ್ದು ಕೆಲವೇ ತಿಂಗಳು; ತಾಯಿಯೇ ಮನೆಯಲ್ಲಿ ಪಾಠ ಹೇಳಿದರು. ಹುಡುಗನಾಗಿದ್ದಾಗ ರೈಲಿನಲ್ಲಿ ಪತ್ರಿಕೆ ಮಾರಿದರು. ಮುಂದೆ ಫೋನೋಗ್ರಾಫ್, ವಿದ್ಯುದ್ದೀಪಗಳಿಂದ ಹೆಸರಾದರು.

1900ರ ಸುಮಾರಿಗೆ ಅಮೆರಿಕದಲ್ಲಿ ವಿದ್ಯುತ್ ಕಾರುಗಳೂ ಓಡುತ್ತಿದ್ದವು. ಅವುಗಳಿಗೆ ಹೊಗೆಯಿಲ್ಲ, ಗದ್ದಲವಿಲ್ಲ. ಆದರೆ ಸೀಸದ ಬ್ಯಾಟರಿ ಬಲು ಭಾರ. ಆಮ್ಲದ ಬದಲು ಪ್ರತ್ಯಾಮ್ಲ ಬಳಸಲು ಎಡಿಸನ್ ನಿರ್ಧರಿಸಿದರು. ನಮ್ಮ ಬಿದ್ರಿ ಕುಶಲಕರ್ಮಿಗಳು ಸತುವಿಗೆ ತಾಮ್ರವನ್ನು ಹದವರಿತು ಬೆರೆಸುತ್ತಾರಲ್ಲವೇ? ಬ್ಯಾಟರಿಗೂ ಅಂಥ ಹದ ಬೇಕು. ಎಡಿಸನ್ ಮತ್ತು ಸಹಾಯಕರು ಸಾವಿರಾರು ಪ್ರಯೋಗ ಮಾಡಿದರು. ಕೊನೆಗೆ ಕಬ್ಬಿಣ ಮತ್ತು ನಿಕ್ಕಲ್ ಸಂಯುಕ್ತವನ್ನು ಆರಿಸಿ, ಪೊಟ್ಯಾಸಿಯಂ ಹೈಡ್ರಾಕ್ಸೈಡ್ ದ್ರಾವಣದಲ್ಲಿ ಇರಿಸಿದರು.

ಬ್ಯಾಟರಿ ಮಾರುಕಟ್ಟೆಗೆ ಬಂತು. ಆದರೆ ಕೆಲವು ಸೋರಿದವು, ಕೆಲವು ಬೇಗನೆ ಶಕ್ತಿ ಕಳೆದುಕೊಂಡವು. ಎಡಿಸನ್ ತಯಾರಿಕೆಯನ್ನೇ ನಿಲ್ಲಿಸಿ, ಕೆಟ್ಟ ಬ್ಯಾಟರಿಗಳನ್ನು ಹಿಂದಕ್ಕೆ ಪಡೆದರು. ತಪ್ಪು ಎಲ್ಲಿದೆಯೆಂದು ಮತ್ತೆ ಹುಡುಕಿದರು. ನಿಕ್ಕಲ್ ಸಂಯುಕ್ತದಲ್ಲಿ ವಿದ್ಯುತ್ ಸುಲಭವಾಗಿ ಹರಿಯದು. ಅದಕ್ಕೆಂದು ಬೆರೆಸಿದ್ದ ಗ್ರಾಫೈಟ್ ಹೆಚ್ಚು ದಿನ ಕೆಲಸ ಮಾಡುತ್ತಿರಲಿಲ್ಲ. ಗ್ರಾಫೈಟ್ ಬದಲು ತೀರ ತೆಳುವಾದ ನಿಕ್ಕಲ್ ಚೂರುಗಳನ್ನು ಪದರ ಪದರವಾಗಿ ತುಂಬಿದರು. 1909ರಲ್ಲಿ ಬಹುಕಾಲ ಬಾಳುವ ಬ್ಯಾಟರಿ ಸಿದ್ಧವಾಯಿತು.

ಅಷ್ಟರಲ್ಲಿ, 1908ರಲ್ಲಿ, ಹೆನ್ರಿ ಫೋರ್ಡ್ ಅವರ ಪೆಟ್ರೋಲ್ ಕಾರು ಬಂದಿತ್ತು. 1912ರಲ್ಲಿ ಪೆಟ್ರೋಲ್ ಕಾರಿಗೆ ವಿದ್ಯುತ್ ಸ್ಟಾರ್ಟರ್ ಬಂದು, ಕೈಯಿಂದ ಎಂಜಿನ್ ತಿರುಗಿಸುವ ಕಷ್ಟ ತಪ್ಪಿತು. ಒಮ್ಮೆಲೇ ಹೆಚ್ಚು ವಿದ್ಯುತ್ ಕೊಡಬಲ್ಲ ಸೀಸದ ಬ್ಯಾಟರಿಯೇ ಅದಕ್ಕೆ ಒದಗಿತು! ವಿದ್ಯುತ್ ಕಾರುಗಳು ಮೂಲೆ ಸೇರಿದವು. ಎಡಿಸನ್‌ರ ಬ್ಯಾಟರಿ ರೈಲು ಬೋಗಿಗಳಲ್ಲಿ, ಗಣಿ ಕಾರ್ಮಿಕರ ದೀಪಗಳಲ್ಲಿ ಬಳಕೆಯಾಯಿತು. ಅವರು 1931ರ ಅಕ್ಟೋಬರ್ 18ರಂದು ನಿಧನರಾದರು.

ಇಂದು ವಿದ್ಯುತ್ ವಾಹನಗಳು ಮರಳಿ ಬಂದಿವೆ. ಅವುಗಳಲ್ಲಿ ಹೆಚ್ಚಿನವು ಲಿಥಿಯಂ ಬ್ಯಾಟರಿಯಿಂದ ಓಡುತ್ತವೆ. ಇನ್ನೂ ಹಗುರವಾದ, ಅಗ್ಗವಾದ ವಸ್ತುಗಳಿಗಾಗಿ ವಿಜ್ಞಾನಿಗಳು ಹುಡುಕುತ್ತಲೇ ಇದ್ದಾರೆ. ನಾಳೆ ಆ ಕೆಲಸ ನಿಮ್ಮದಾಗಬಹುದು.

ಕೇಳಿ ತಿಳಿಯಿರಿ: ನಿಮ್ಮೂರಿನ ಬೈಕ್, ಟ್ರ್ಯಾಕ್ಟರ್, ಮೊಬೈಲ್‌ಗಳ ಬ್ಯಾಟರಿಯಲ್ಲಿ ಯಾವ ಲೋಹಗಳಿವೆ? ಪಟ್ಟಿ ಮಾಡಿ. ಆದರೆ ಹಳೆಯ ಬ್ಯಾಟರಿಯನ್ನು ಎಂದೂ ಒಡೆಯಬೇಡಿ. ಸೀಸ ವಿಷಕಾರಿ, ಆಮ್ಲ ಚರ್ಮವನ್ನು ಸುಡುತ್ತದೆ.