ಮರಿಯ ಬಣ್ಣದಲ್ಲಿ ಉತ್ತರ ಕಂಡ ಪನೆಟ್

ಕಳೆದ ವರ್ಷ ಅವ್ವ ಹತ್ತು ಕೋಳಿಮರಿ ಕೊಂಡಳು. ಮೊಟ್ಟೆ ಮಾರಿ ನನ್ನ ಪರೀಕ್ಷಾ ಶುಲ್ಕಕ್ಕೆ ಒಂದಿಷ್ಟು ಕೂಡಿಡುವ ಲೆಕ್ಕ ಅವಳದು. ಕೆಲವೇ ತಿಂಗಳಲ್ಲಿ ಏಳು ಮರಿಗಳು ಹುಂಜಗಳಾಗಿ ಕೂಗತೊಡಗಿದವು! ಇಷ್ಟೆಲ್ಲ ಓದುತ್ತೀಯಲ್ಲ, ಮರಿಯಲ್ಲೇ ಹೇಂಟೆ ಯಾವುದೆಂದು ಗುರುತಿಸಲು ಆಗುವುದಿಲ್ಲವೇ ಎಂದು ಅವ್ವ ಕೇಳಿದಳು. ಉತ್ತರ ಹುಡುಕಹೊರಟ ನನಗೆ ಸಿಕ್ಕಿದ್ದು ಹಳೆಯ ಹೆಸರು: ಪನೆಟ್.

ಪಿಯುಸಿಯಲ್ಲಿ ಜೀವಶಾಸ್ತ್ರ ಓದಿದವರೆಲ್ಲ ಅಂಕಕ್ಕಾಗಿ ಪನೆಟ್ ಚೌಕ ಬರೆದವರೇ. ಆ ಚೌಕದ ಹಿಂದೆ ಒಬ್ಬ ಮನುಷ್ಯನಿದ್ದಾನೆಂದು ನಾನಂತೂ ಯೋಚಿಸಿರಲಿಲ್ಲ.

ರೆಜಿನಾಲ್ಡ್ ಪನೆಟ್ ಹುಟ್ಟಿದ್ದು 1875ರಲ್ಲಿ, ಇಂಗ್ಲೆಂಡಿನ ಟನ್‌ಬ್ರಿಜ್‌ನಲ್ಲಿ. ವೈದ್ಯರಾಗಲೆಂದು ಕೇಂಬ್ರಿಜ್ ಸೇರಿದವರು ಪ್ರಾಣಿಶಾಸ್ತ್ರದತ್ತ ಹೊರಳಿದರು. ವಿಲಿಯಂ ಬೇಟ್ಸನ್ ಜೊತೆ ಸೇರಿ ಹೂಗಿಡ, ಕೋಳಿಗಳ ಮೇಲೆ ಪ್ರಯೋಗ ನಡೆಸಿದರು. 1905ರಲ್ಲಿ ಮೆಂಡೆಲ್ ನಿಯಮಗಳ ಬಗ್ಗೆ ಪುಸ್ತಕ ಬರೆದರು. 1912ರಲ್ಲಿ ಕೇಂಬ್ರಿಜ್‌ನ ಮೊದಲ ತಳಿವಿಜ್ಞಾನ ಪ್ರಾಧ್ಯಾಪಕರಾದರು.

ಅಷ್ಟರಲ್ಲಿ ಮೊದಲ ಮಹಾಯುದ್ಧ ಬಂತು. ಇಂಗ್ಲೆಂಡಿನಲ್ಲಿ ಆಹಾರದ ಕೊರತೆ. ಮೊಟ್ಟೆಗಾಗಿ ಕೋಳಿ ಸಾಕುವವರಿಗೆ ಹುಂಜಗಳಿಗೆ ಹಾಕುವ ಕಾಳು ದಂಡ. ಮೊಟ್ಟೆಯೊಡೆದು ಬಂದ ದಿನವೇ ಗಂಡು ಹೆಣ್ಣು ತಿಳಿದರೆ ಕಾಳು ಉಳಿಯುತ್ತದೆ. ಅದಕ್ಕೆ ಪನೆಟ್ ಸೂಚಿಸಿದ ದಾರಿ ಪುಕ್ಕದ ಬಣ್ಣ.

ಲೆಕ್ಕ ಸರಳ. ಹುಂಜಕ್ಕೆ ಎರಡು ಝಡ್ ವರ್ಣತಂತುಗಳು, ಹೇಂಟೆಗೆ ಒಂದೇ. ಹೇಂಟೆಯ ಆ ಒಂದು ಝಡ್ ಹೋಗುವುದು ಗಂಡುಮರಿಗೆ ಮಾತ್ರ. ಬೆಳ್ಳಿ, ಚಿನ್ನದ ಬಣ್ಣ ನಿರ್ಧರಿಸುವ ಜೀನ್ ಇರುವುದೂ ಅದರಲ್ಲೇ. ಹಾಗಾಗಿ ಬೆಳ್ಳಿ ಬಣ್ಣದ ಹೇಂಟೆಗೆ ಚಿನ್ನದ ಬಣ್ಣದ ಹುಂಜ ಕೂಡಿಸಿದರೆ ಗಂಡುಮರಿಗಳು ಬಿಳಿಚು, ಹೆಣ್ಣುಮರಿಗಳು ಕಂದು.

ಆದರೆ ಈ ಮರಿಗಳನ್ನೇ ಬೆಳೆಸಿ ಕೂಡಿಸಿದರೆ ಮುಂದಿನ ಪೀಳಿಗೆಯಲ್ಲಿ ಗುರುತು ಕೆಡುತ್ತದೆ. ಪನೆಟ್ ಅಲ್ಲಿಗೆ ಬಿಡಲಿಲ್ಲ. ಮೈಕೆಲ್ ಪೀಸ್ ಜೊತೆ ಸೇರಿ, 1929ರ ಸುಮಾರಿಗೆ ಕ್ಯಾಂಬಾರ್ ಎಂಬ ತಳಿ ರೂಪಿಸಿದರು. ಪಟ್ಟೆ ಮೂಡಿಸುವ ಜೀನ್ ಗಂಡಿನಲ್ಲಿ ಎರಡು ಪಾಲು, ಹೆಣ್ಣಿನಲ್ಲಿ ಒಂದೇ ಪಾಲು. ಆದ್ದರಿಂದ ಪ್ರತಿ ಪೀಳಿಗೆಯಲ್ಲೂ ಗಂಡುಮರಿ ತಿಳಿಬಣ್ಣ, ಹೆಣ್ಣುಮರಿ ಗಾಢಬಣ್ಣ. 1940ರಲ್ಲಿ ನಿವೃತ್ತರಾದ ಪನೆಟ್ 1967ರಲ್ಲಿ ತೀರಿಕೊಂಡರು.

ಇದನ್ನೆಲ್ಲ ಓದಿ, ಈ ಸಲದ ಮರಿಗಳ ಮುಂದೆ ಜಾಣನಂತೆ ಕುಳಿತೆ. ಕರಿ, ಕಂದು, ಬೂದು, ಚುಕ್ಕೆ. ಒಂದನ್ನೂ ಹೇಳಲಾಗಲಿಲ್ಲ! ಅಪ್ಪ ಅಮ್ಮ ಯಾವ ಬಣ್ಣ, ಯಾವ ತಳಿ ಎಂದು ತಿಳಿದಿದ್ದರೆ ಮಾತ್ರ ಈ ಲೆಕ್ಕ ನಡೆಯುತ್ತದೆ. ನಮ್ಮ ಹಿತ್ತಲಿನ ಬೆರಕೆ ನಾಟಿಕೋಳಿಗಳ ವಂಶಾವಳಿ ಬರೆದಿಟ್ಟವರು ಯಾರು? ಅವ್ವ ನಕ್ಕು, ಜುಟ್ಟು ಕೆಂಪಾಗುವವರೆಗೆ ಕಾಯೋಣ ಎಂದಳು.

ಏಳು ಹುಂಜಗಳನ್ನು ಅವಳು ಹಬ್ಬದವರೆಗೆ ಸಾಕಿ ಮಾರಿದಳು, ಶುಲ್ಕವೂ ಕಟ್ಟಿದಳು. ಅಲ್ಲಿ ಹುಟ್ಟಿದ ದಿನವೇ ಲೆಕ್ಕದಿಂದ ಹೊರಗಾಗುವ ಗಂಡುಮರಿಗೆ ಇಲ್ಲಿ ಒಂದು ಬೆಲೆಯಿತ್ತು. ಸೂತ್ರ ಬಾಯಿಪಾಠ ಮಾಡಿದ್ದ ನನಗೆ, ಅದು ಎಲ್ಲಿ ನಡೆಯುತ್ತದೆ, ಎಲ್ಲಿ ನಡೆಯುವುದಿಲ್ಲ ಎಂದು ಕಲಿಸಿದ್ದು ಅವ್ವನ ಪ್ರಶ್ನೆ.